ಕೈ ತೊಳೆಸಿದ ಭಾಷಣ

ಗದಗಿನಲ್ಲಿ ಯುವ ನಾಯಕರ ಸಮ್ಮೇಳನ. ವಿಷಯ, ಜಾಗತಿಕ ಆರೋಗ್ಯ. ಹೊತ್ತು ಇಳಿದರೂ ಮುಖ್ಯ ಅತಿಥಿ ಹೊಳೆಬಸಪ್ಪನವರ ಭಾಷಣ ಮುಗಿಯಲಿಲ್ಲ. ತಮ್ಮ ಮಾತು ಮುಗಿಯುವ ತನಕ ಯಾರನ್ನೂ ಊಟಕ್ಕೆ ಕರೆಯಕೂಡದೆಂದು ಅಡುಗೆಯ ನೀಲವ್ವನಿಗೆ ಅವರು ಮೊದಲೇ ತಾಕೀತು ಮಾಡಿದ್ದರು. ಸಮ್ಮೇಳನಕ್ಕೆ ಬಂದಿದ್ದ ಮಕ್ಕಳ ಹಸಿದ ಮುಖ ನೋಡಿ ಅವಳು ಊಟದ ಮನೆಯ ಬಾಗಿಲ ಬಳಿ ಬಂದು ನಿಂತಳು.

ಅಷ್ಟರಲ್ಲಿ ಹೊಳೆಬಸಪ್ಪನವರು ಗುಡುಗಿದರು: "ಊಟಕ್ಕೆ ಮೊದಲು ಸೋಪು ಹಚ್ಚಿ ಕೈ ತೊಳೆಯಿರಿ. ಬದಲಾವಣೆ ನಾಳೆಯಲ್ಲ, ಈಗಲೇ ಆಗಬೇಕು."

ನೀಲವ್ವ ಬಾಗಿಲು ತೆರೆದಳು. "ಕೇಳಿದ್ರಿಲ್ಲ ಮಕ್ಕಳ್ರಾ? ಸಾಹೇಬ್ರು ಈಗಲೇ ಅಂದಾರ. ನಳ ಈ ಕಡೆ ಐತಿ, ಬರ್ರಿ."

ಸಭಾಂಗಣ ಖಾಲಿಯಾಯಿತು. ಅತಿಥಿಗಳು ಕೆಂಡಾಮಂಡಲವಾಗಿ ಬಂದರು. "ಊಟಕ್ಕ ಕರೀಬ್ಯಾಡ ಅಂದಿದ್ದೆ."

"ಕೈ ತೊಳಿಯಾಕ ಕರದೇನ್ರಿ. ತೊಳದ ಮ್ಯಾಲ ಉಣ್ಣದಿದ್ರ ನಿಮ್ಮ ಮಾತು ಅರ್ಧಕ್ಕ ನಿಲ್ತೈತ್ರಿ."

ಮಕ್ಕಳು ಒದ್ದೆ ಕೈಯಲ್ಲೇ ಚಪ್ಪಾಳೆ ತಟ್ಟಿದರು. ಆ ಭಾಷಣಕ್ಕೆ ಬಿದ್ದ ಮೊದಲ ಚಪ್ಪಾಳೆ ಅದು.

ಅತಿಥಿಗಳು ಮೆಲ್ಲಗೆ ಕೇಳಿದರು: "ಸೋಪು ಎಲ್ಲೈತವ್ವಾ?"