ಗುರಿಮಂಡಿ ಗುಡ್ಡ

ರಸ್ತೆಯ ತಿರುವಿನಲ್ಲಿರುವ ಹಳದಿ ಫಲಕದ ಮೇಲೆ ‘ಕುರಿಮಂಡಿ’ ಎಂದು ಬರೆದಿದೆ. ಹಿಂದೆ ಇಲ್ಲಿ ಕುರಿಸಂತೆ ನಡೆಯುತ್ತಿತ್ತೆಂದು ಫಲಕ ನಿಲ್ಲಿಸಿದವರ ಅಭಿಪ್ರಾಯ. ಕುರಿ ಮಾರುವುದಕ್ಕೆ ಇಷ್ಟು ಕಡಿದಾದ ಗುಡ್ಡವನ್ನು ಯಾರು ಹತ್ತುತ್ತಾರೆಂದು ಅವರು ಕೇಳಿಕೊಂಡಂತಿಲ್ಲ. ಚರ್ಚಿನ ಹೊಸ ಗುರುಗಳಿಗೂ ಆ ಹೆಸರು ಹಿಡಿಸಿದೆ. ಕುರಿ ಎಂದರೆ ಭಕ್ತ, ಕುರುಬ ಎಂದರೆ ದೇವರು, ಭಾನುವಾರದ ಪ್ರಸಂಗಕ್ಕೆ ಚೆನ್ನಾಗಿ ಒದಗುತ್ತದೆ. ಊರಿನವರು ಮಾತ್ರ ಗುರಿಮಂಡಿ ಎಂದೇ ಅನ್ನುತ್ತಾರೆ. ಗುಡ್ಡದ ನೆತ್ತಿಯಲ್ಲಿ ಹೆಂಚಿನ ಸಣ್ಣ ಚರ್ಚು, ಅದರ ಬಾಗಿಲಿಗೆ ಎದುರಾಗಿ ಒಂದು ಚಪ್ಪಟೆ ಬಂಡೆ, ಬಂಡೆಯಲ್ಲಿ ಬೋಗುಣಿಯಷ್ಟು ತಗ್ಗು. ಬಂದವರು ಒಳಗೆ ಹೋಗುವ ಮುನ್ನ ಆ ತಗ್ಗಿನಲ್ಲಿ ಬಲಮಂಡಿ ಊರಿ, ಎಡಗೈಯನ್ನು ಬಾಗಿಲಿನತ್ತ ನೆಟ್ಟಗೆ ಚಾಚಿ, ಎಡಗಣ್ಣು ಮುಚ್ಚುತ್ತಾರೆ. ಇಂಥ ನಮಸ್ಕಾರವನ್ನು ಬೇರೆ ಚರ್ಚಿನಲ್ಲಿ ಕಂಡವರಿಲ್ಲ. ಮುಚ್ಚಿದ ಕಣ್ಣು ಲೋಕಕ್ಕೆ, ತೆರೆದ ಕಣ್ಣು ದೇವರಿಗೆ ಎಂದು ಗುರುಗಳು ಅರ್ಥ ಹೇಳುತ್ತಾರೆ. ಅರ್ಥವೇನೋ ಚೆನ್ನಾಗಿದೆ. ಕತೆ ಬೇರೆ ಇದೆ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಈ ಗುಡ್ಡದ ಮೇಲೆ ಹೊಸ ಮತಕ್ಕೆ ಸೇರಿದ ಕೆಲವು ಕುಂಬಾರರ ಮನೆಗಳು ಮಾತ್ರ ಇದ್ದವು ಎನ್ನುತ್ತಾರೆ. ಗುರುಗಳು ವರ್ಷಕ್ಕೊಮ್ಮೆ ಬಂದು ಹೋಗುತ್ತಿದ್ದರು. ಉಳಿದಂತೆ ಚೌರಪ್ಪನೆಂಬ ಉಪದೇಶಿಯೇ ಸೋಗೆಯ ಚಪ್ಪರದಲ್ಲಿ ಪ್ರಾರ್ಥನೆ ನಡೆಸುತ್ತಿದ್ದ. ಕೆಳಗಿನ ಕೋಟೆಯ ಪಾಳೆಯಗಾರನಿಗೆ ಇವರ ಮೇಲೆ ಅನುಮಾನ. ಮಡಕೆ ಮಾಡುವವರು ಮಡಕೆ ಮಾಡಿಕೊಂಡಿರಬೇಕು, ವಾರಕ್ಕೊಮ್ಮೆ ಗುಂಪು ಸೇರಿ ಗಂಟೆ ಬಾರಿಸುವುದೇಕೆ? ನೋಡಿ ಬರಲು ತನ್ನ ಬೇಹುಗಾರ ಚಿನ್ನೋಬನನ್ನು ಕಳಿಸಿದ. ಚಿನ್ನೋಬ ಬೇಡರವನು, ಆ ಸೀಮೆಗೆಲ್ಲ ಹೆಸರಾದ ಗುರಿಕಾರ. ತಾಯಿಯ ಮಾತನ್ನೂ ಎರಡು ಸಲ ವಿಚಾರಿಸಿ ನಂಬುವ ಜಾತಕ ಅವನದು.

ಎದುರಿನ ಬಂಡೆಗಳ ಸಂದಿಯಲ್ಲಿ ಕುಳಿತು ನೋಡಿದ ಚಿನ್ನೋಬನಿಗೆ ಕಂಡದ್ದೆಲ್ಲ ತನ್ನ ಕಸುಬೇ. ಒಳಬರುವವರೆಲ್ಲ ಬಲಮಂಡಿ ನೆಲಕ್ಕೆ ಊರಿ ಎಡಮಂಡಿ ಎತ್ತಿ ಕೂರುತ್ತಿದ್ದರು. ಬಂದೂಕು ಹಿಡಿದವನು ಕೂರುವುದು ಹಾಗೆಯೇ. ಹಣೆ, ಎದೆ, ಎಡಭುಜ, ಬಲಭುಜ ಮುಟ್ಟಿಕೊಳ್ಳುತ್ತಿದ್ದರು. ಅದು ಮದ್ದು ತುಂಬಿ, ಗುಂಡು ಹಾಕಿ, ಹಿಡಿಯನ್ನು ಹೆಗಲಿಗೆ ತರುವ ಕ್ರಮದ ಅಭ್ಯಾಸ. ಒಬ್ಬ ಸರಪಳಿಯಲ್ಲಿ ಹೊಗೆಯಾಡುವ ಪಾತ್ರೆಯನ್ನು ತೂಗುತ್ತಿದ್ದ. ಬಂದೂಕಿನ ಬತ್ತಿ ಹೊತ್ತಿಸಲು ಕೆಂಡ ಆರದಂತೆ ಕಾಯುವವನು. ಗಂಟೆ ಬಾರಿಸಿದರೆ ಎಲ್ಲರೂ ಒಟ್ಟಿಗೆ ಏಳುತ್ತಾರೆ, ಒಟ್ಟಿಗೆ ಬಾಗುತ್ತಾರೆ. ಒಂದೇ ಒಂದು ಬಂದೂಕೂ ಕಾಣಲಿಲ್ಲ. ಅದೇ ಅವನಿಗೆ ಎಲ್ಲಕ್ಕಿಂತ ದೊಡ್ಡ ಸಾಕ್ಷಿಯಾಯಿತು. ಇಷ್ಟು ಪಳಗಿದವರು ಬಂದೂಕನ್ನು ಕಣ್ಣಿಗೆ ಬೀಳುವಂತೆ ಇಡುತ್ತಾರೆಯೇ?

ವರದಿ ಕೇಳಿ ಪಾಳೆಯಗಾರ ತಡಮಾಡಲಿಲ್ಲ. ಮುಂದಿನ ಪ್ರಾರ್ಥನೆಯ ದಿನ ಚಿನ್ನೋಬ ಚೌರಪ್ಪನನ್ನು ಹೊಡೆಯಬೇಕು. ಗುಂಡಿನ ಸದ್ದು ಕೇಳಿದೊಡನೆ ಕೆಂಚರಾಜನೆಂಬ ಮುಖಂಡ ತಪ್ಪಲಿನಿಂದ ಸವಾರರನ್ನು ಹತ್ತಿಸಿ ಮನೆಗಳಿಗೆ ಬೆಂಕಿಯಿಡಬೇಕು. ವರದಿ ಸುಳ್ಳಾದರೆ ಏನೆಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ತಪ್ಪು ನೋಡಿದ ಬೇಹುಗಾರನ ಕಣ್ಣು ಕೀಳಿಸುವುದು ಆ ಕೋಟೆಯ ಪದ್ಧತಿ.

ಆ ದಿನ ಪ್ರಾರ್ಥನೆ ಶುರುವಾದ ಮೇಲೆ ಚಿನ್ನೋಬ ಚಪ್ಪರದೆದುರಿನ ಬಂಡೆಗೆ ಬಂದ. ಬಲಮಂಡಿ ಊರಿದ, ಎಡಗೈ ಚಾಚಿ ಬಂದೂಕಿನ ನಳಿಗೆಯನ್ನು ಆತುಕೊಂಡ, ಎಡಗಣ್ಣು ಮುಚ್ಚಿದ. ಬತ್ತಿ ಹೊಗೆಯಾಡುತ್ತಿತ್ತು. ಚೌರಪ್ಪನ ಎದೆ ಗುರಿಗೆ ಸಿಕ್ಕುವ ಹೊತ್ತಿಗೆ, ಕಣ್ಣಿಗೆ ಪೊರೆ ಬಂದಿದ್ದ ಮದಲೇನಮ್ಮನೆಂಬ ಮುದುಕಿ ತಡವಾಗಿ ಹತ್ತಿ ಬಂದು, ಅವನ ಹೆಗಲಿಗೆ ಕೈಯೂರಿ ಪಕ್ಕದಲ್ಲೇ ಮಂಡಿಯೂರಿ, ಅವನ ಮಂಡಿ ತಡವಿದಳು.

“ಯಾರ ಮಗನಪ್ಪ ನೀನು? ಬಲಮಂಡಿನೇ ಊರಿದ್ದೀಯ, ಯಾರು ಕಲಿಸಿದರು?” ಎಂದಳು. ಆಮೇಲೆ ಮೂಗು ಅರಳಿಸಿ, “ಧೂಪ ಬೇರೆ ತಂದಿದ್ದೀಯಾ? ಒಳಗೇ ಹಾಕ್ತಾರೆ, ನೀ ಯಾಕೆ ತರೋಕೆ ಹೋದೆ?” ಎಂದಳು.

ಮುದುಕಿ ನಟಿಸುತ್ತಿದ್ದಾಳೆಂದು ಚಿನ್ನೋಬನಿಗೆ ಗುಮಾನಿ. “ನಿಮ್ಮ ಬಂದೂಕೆಲ್ಲ ಎಲ್ಲಿಟ್ಟಿದ್ದೀರವ್ವ?” ಎಂದು ಪಿಸುಗುಟ್ಟಿದ.

“ಬಂದೂಕಾ? ಹಕ್ಕಿ ಓಡಿಸೋಕೆ ಒಂದು ಕವಣೆ ಐತೆ. ಬೇಕಿದ್ರೆ ತಗೊಂಡೋಗು, ತಂದುಕೊಡು ಮತ್ತೆ.”

ಹಾಗಾದರೆ ಹಣೆ, ಎದೆ, ಹೆಗಲು ಮುಟ್ಟಿಕೊಳ್ಳುವುದು ಯಾತಕ್ಕೆ ಎಂದು ಅವನು ಕೇಳಿದ. ಅದು ಶಿಲುಬೆಯ ಗುರುತು, ಗುರುಗಳು ಏನೇನೋ ದೊಡ್ಡ ಅರ್ಥ ಹೇಳಿದ್ದರು, ಮರೆತುಹೋಗಿದೆ ಎಂದಳು ಮುದುಕಿ. “ನಾ ತಿಳಕೊಂಡಿರೋದು ಇಷ್ಟೇ ಕಣಪ್ಪ. ಚಿಂತೆ ತಲೇಲಿ, ಸಂಕಟ ಎದೇಲಿ, ಹೊರೆ ಹೆಗಲ ಮ್ಯಾಲೆ. ಎಲ್ಲೆಲ್ಲಿ ಭಾರ ಐತೋ ಅಲ್ಲಲ್ಲಿ ಮುಟ್ಟಿ ತೋರಿಸ್ತೀವಿ.” ಇಷ್ಟು ಹೇಳಿ ಅವನ ಹೆಗಲನ್ನೇ ಒತ್ತಿ ಮೇಲೆದ್ದು ಒಳಗೆ ಹೋದಳು.

ಚಿನ್ನೋಬನಿಗೆ ಆ ಕ್ಷಣದಲ್ಲಿ ದೇವರು ಕಂಡನೆಂದು ಭಕ್ತರು ಹೇಳುತ್ತಾರೆ. ಅವನಿಗೆ ಕಂಡದ್ದು ತನ್ನ ಪಾಡು. ಅವನು ಮಂಡಿಯೂರಿದ್ದನ್ನು ಮುದುಕಿ ಪ್ರಾರ್ಥನೆ ಅಂದುಕೊಂಡಿದ್ದಳು. ಅವರು ಮಂಡಿಯೂರಿದ್ದನ್ನು ಅವನು ಯುದ್ಧ ಅಂದುಕೊಂಡಿದ್ದ. ಕುರುಡಿಗೂ ಗುರಿಕಾರನಿಗೂ ಇದ್ದ ವ್ಯತ್ಯಾಸ ಅಷ್ಟೇ. ಗುಂಡು ಹಾರಿದರೆ ಕವಣೆಯವರ ಮನೆಗಳು ಸುಡುತ್ತವೆ. ಹಾರಿಸದೆ ಹಿಂತಿರುಗಿದರೆ ತನ್ನ ಕಣ್ಣು ಹೋಗುತ್ತದೆ. ಹೊಡೆಯಲೂ ಆರದೆ, ಏಳಲೂ ಆರದೆ ಅವನು ಹಾಗೆಯೇ ಕುಳಿತ. ಪ್ರಾರ್ಥನೆ ಮುಗಿಯಿತು. ಹೊರಬಂದವರು, ಬೇಟೆಯ ಬಂದೂಕನ್ನೂ ಬಿಡದೆ ಭಕ್ತಿಯಲ್ಲಿ ಮೈಮರೆತ ಹೊಸಬನೆಂದು ಪಕ್ಕದಿಂದ ಹಾದುಹೋದರು. ಬಿಸಿಲೇರಿದ ಮೇಲೆ ಕಾದು ಸಾಕಾದ ಕೆಂಚರಾಜ ಒಬ್ಬನೇ ಹತ್ತಿ ಬಂದ.

“ಏನಾಯ್ತೋ? ಯಾಕೆ ಹೊಡೀಲಿಲ್ಲ?”

ಚಿನ್ನೋಬ ಚಪ್ಪರದಿಂದ ಕಣ್ಣು ಕೀಳಲಿಲ್ಲ. “ಇನ್ನೂ ಗುರಿ ಹಿಡೀತಾ ಇದ್ದೀನಿ,” ಎಂದ.

ಸುಳ್ಳೆನ್ನಲು ಕೆಂಚರಾಜನಿಗೆ ಆಧಾರವಿರಲಿಲ್ಲ. ನಳಿಗೆ ಚಪ್ಪರದ ಕಡೆಗೇ ಇತ್ತು, ಬೆರಳು ಬಂದೂಕಿನ ಕೊಕ್ಕೆಯ ಮೇಲೇ ಇತ್ತು. ಅವನು ಇಳಿದು ಹೋಗಿ ಹಾಗೆಯೇ ತಿಳಿಸಿದ. ಮುಂದಿನ ವಾರವೂ ಅದೇ ಉತ್ತರ ಬಂತು, ಅದರ ಮುಂದಿನ ವಾರವೂ. ವಿಚಿತ್ರವೆಂದರೆ ಪಾಳೆಯಗಾರನಿಗೆ ಇದು ಒಗ್ಗಿತು. ಗುಡ್ಡದವರ ಎದೆಗೆ ತನ್ನ ಬಂದೂಕು ಸದಾ ನೆಟ್ಟಿದೆ ಎಂದುಕೊಂಡರೆ ಅನುಮಾನದವನಿಗೂ ನಿದ್ದೆ ಬರುತ್ತದೆ. ಊರು ಸುಡುವ ಮಾತು ಮತ್ತೆ ಏಳಲಿಲ್ಲ. ಗುಡ್ಡದವರಿಗೂ ಇಂಥ ಭಕ್ತ ಮತ್ತೊಬ್ಬ ಸಿಕ್ಕಿರಲಿಲ್ಲ. ಬಂದೂಕು ಯಾತಕ್ಕೆಂದು ಚೌರಪ್ಪ ಒಮ್ಮೆ ಕೇಳಿದ್ದನಂತೆ, ಗುರಿ ಹಿಡಿಯುವ ಅದೇ ಮಾತನ್ನು ಚಿನ್ನೋಬ ಅವನಿಗೂ ಹೇಳಿದನಂತೆ. ಚಿನ್ನೋಬ ಶಿಲುಬೆಯ ಗುರುತು ಹಾಕಿದ್ದನ್ನು ಕಂಡವರಿಲ್ಲ. ಆದರೆ ಸಾಯುವವರೆಗೆ ಒಂದು ವಾರವೂ ಬಂಡೆಯನ್ನು ತಪ್ಪಿಸಲಿಲ್ಲ. ಬಂದೂಕು ಅವನ ಜೊತೆಗೇ ಮಣ್ಣಾಯಿತು. ಭಂಗಿ ಊರಿಗೆ ಉಳಿಯಿತು.

ಬಂಡೆಯ ತಗ್ಗು ಅವನ ಮಂಡಿಯಿಂದಾದದ್ದು ಎನ್ನುತ್ತಾರೆ. ಒಬ್ಬನ ಮಂಡಿಗೆ ಕಲ್ಲು ಅಷ್ಟು ಸವೆಯುವುದಿಲ್ಲ; ಆಮೇಲೆ ಬಂದವರೆಲ್ಲರದೂ ಸೇರಿರಬೇಕು. ಈಗಲೂ ಭಾನುವಾರ ಹೋದರೆ, ಬಾಗಿಲಿನತ್ತ ಖಾಲಿ ಕೈ ಚಾಚಿ, ಒಂದು ಕಣ್ಣು ಮುಚ್ಚಿ ಕುಳಿತವರು ಕಾಣಸಿಗುತ್ತಾರೆ. ಹಿಂದೆ ಸಾಲಿನಲ್ಲಿ ನಿಂತವರು ತಾಳ್ಮೆ ಕೆಟ್ಟು, ಆಯಿತೇನಮ್ಮ, ಏಳಬಾರದೇ ಎಂದು ಕೇಳುವುದುಂಟು. ಕುಳಿತವರು ತಿರುಗಿ ನೋಡುವುದಿಲ್ಲ. ಇನ್ನೂ ಗುರಿ ಹಿಡೀತಾ ಇದ್ದೀನಿ ಎನ್ನುತ್ತಾರೆ.