ನಡುಗಡ್ಡಿ ತಂಗಿಗೆ ಕಾಯ್ದ ಗುರುಬಾಯಿ

ಹಿಂದಕ್ಕ ಹೊಳಿದಂಡಿ ಮ್ಯಾಲ ಒಂದೂರಿತ್ತಂತ. ಎಷ್ಟು ಹಿಂದಕ್ಕ ಅಂತ ಕೇಳಬ್ಯಾಡ್ರಿ, ನನಗೂ ಗೊತ್ತಿಲ್ಲ, ನನಗ ಹೇಳಿದವರಿಗೂ ಗೊತ್ತಿರ್ಲಿಲ್ಲ. ಆ ಊರ ಚಾವಡಿ ಹಿಂದಿನ ಕೋಣ್ಯಾಗ ಒಂದು ಸ್ವಿಚ್ ಪೆಟ್ಟಿಗಿ ಇತ್ತಂತ. ದೀಪದ ಸ್ವಿಚ್ಚಲ್ಲ ಮತ್ತ, ನೆಟ್‌ವರ್ಕಿಂದು. ಸುತ್ತಲ ಊರಿನ ಕೇಬಲ್ಲೆಲ್ಲಾ ಅದಕ್ಕ ಬಂದು ಸೇರ್ತಿದ್ವು. ಈ ಊರಿನ ಮಾತು ಆ ಊರಿಗೆ ಮುಟ್ಟಬೇಕಂದ್ರ ಅದರ ಹೊಟ್ಟ್ಯಾಗ ಹಾದು ಹೋಗಬೇಕು. ಅದನ್ನ ನೋಡ್ಕೊಳ್ಳಾಕಿ ಗುರುಬಾಯಿ.

ಗುರುಬಾಯಿ ಪೆಟ್ಟಿಗಿಗೆ ಕಿವಿ ಹಚ್ಚಿದ್ರ ಸಾಕು, ಯಾವ ಊರಾಗ ಇಲಿ ಕೇಬಲ್ ಕಡದೈತಿ ಅಂತ ಹೇಳ್ತಿದ್ಳಂತ. ಸುಳ್ಳು ಬಿಡ್ರಿ. ಕೀಲಿಮಣಿ ಒತ್ತಿ 'ಶೋ', ಅಂದ್ರ 'ತೋರ್ಸು', ಅಂತ ಕೇಳ್ತಿದ್ಳು, ಅದು ತೋರಸ್ತಿತ್ತು. ಕೇಳೂದೂ ಒಂದು ವಿದ್ಯಾನ ಅಲ್ಲೇನು?

ಆಕಿ ತಂಗಿ ಕಾಶವ್ವನ್ನ ಹೊಳಿ ನಡುವಿನ ಗಡ್ಡಿಗೆ ಮದಿವಿ ಮಾಡಿ ಕೊಟ್ಟಿದ್ರು. ಅವ್ವ ಇಲ್ಲದ ಕೂಸನ್ನ ಗುರುಬಾಯೇ ಎತ್ತಿ ಬೆಳಸಿದ್ಳು. ತಂಗಿ ದನಿ ಒಂದಿನ ಕೇಳ್ಲಿಲ್ಲಂದ್ರ ಆಕಿಗೆ ಊಟ ಸೇರ್ತಿದ್ದಿಲ್ಲಂತ.

ಒಂದು ವರ್ಷ ಹೊಳಿ ಉಕ್ಕಿ ಬಂತು. ಹಂಥಾ ಹೊಳಿ ಯಾರೂ ನೋಡಿದ್ದಿಲ್ಲಂತ. ಗಡ್ಡಿಯಿಂದ ದನಿ ನಿಂತುಬಿಡ್ತು. ಗುರುಬಾಯಿ ಪಿಂಗ್ ಕಳಿಸಿದ್ಳು. ಪಿಂಗ್ ಅಂದ್ರ 'ಅದೀಯೇನು?' ಅಂತ ಕೂಗಿದಂಗ. 'ಅದೀನಿ' ಅಂತ ಬರ್ಲಿಲ್ಲ. ಮತ್ತ ಕೂಗಿದ್ಳು. ಬರ್ಲಿಲ್ಲ.

ಆಗ ಆಕಿ ಡಿಬಗ್ ಹಚ್ಚಿದ್ಳಂತ. ಡಿಬಗ್ ಹಚ್ಚಿದ್ರ ಪೆಟ್ಟಿಗಿ ತನ್ನೊಳಗ ಹಾದು ಹೋಗಿದ್ದನ್ನೆಲ್ಲಾ ಒಂದೂ ಬಿಡದ ಹೇಳಾಕ ಹತ್ತತೈತಿ. ಆದ್ರ ಕೆಲಸ ಬಿಟ್ಟು ಹರಟಿಗೆ ಕುಂತವರಂಗ ಆಗತೈತಿ ಅದು, ಊರೂರಿನ ಮಾತು ದಾಟ್ಸೂದು ನಿಂತುಬಿಡತೈತಿ. ಚೂರು ಕೇಳಿ, ಲಗೂನ ಬಾಯಿ ಮುಚ್ಚಿಸಬೇಕು. ಗುರುಬಾಯಿಗೆ ಇದು ಗೊತ್ತಿರ್ಲಿಲ್ಲೇನು? ಗೊತ್ತಿತ್ತು. ಆದ್ರ ಅಷ್ಟರಾಗ ಪೆಟ್ಟಿಗಿ ತೆರಿ ಮ್ಯಾಲ ಗಡ್ಡಿಯಿಂದ ಒಂದು ಸಾಲು ಬಂತು. ಒಂದ ಸಾಲು. ಅಲ್ಲಿ ಯಾರದೋ ಫೋನಿಗೆ ಇನ್ನೂ ಜೀವ ಐತಿ. ಇನ್ನೊಂದು ಬರ್ಲಿ ಅಂತ ಕುಂತಳು. ಕುಂತೇ ಕುಂತಳು.

ದೋಣಿ ನಡಸೂ ಮಾನಪ್ಪ ತೊಯ್ಸಿಕೊಂಡು ಓಡಿ ಬಂದ.

"ಅಕ್ಕಾ, ಕೆಳಗಿನ ಊರಿನವರ ಫೋನ್ ಒಂದೂ ಹತ್ತವಲ್ದು. ಯಾರು ಮುಳಗಾಕ ಹತ್ಯಾರ, ದೋಣಿ ಎಲ್ಲಿಗೆ ಒಯ್ಯಬೇಕು, ಒಂದೂ ತಿಳೀವಲ್ದು."

"ಗಡ್ಡಿಗೆ ಒಯ್ಯೋ ಮಾನಪ್ಪ."

"ನಡುಹೊಳ್ಯಾಗ ದೋಣಿ ನಿಂದ್ರೂದಿಲ್ಲಕ್ಕ. ನಿನಗ ಗೊತ್ತಿಲ್ಲೇನು?"

ಗುರುಬಾಯಿ ತಂಗಿ ಹೆಸರು ಹಿಡದು ಅತ್ತಳಂತ. ಅಳಕೋತ, ತನ್ನ ಕೈಲೇ ಡಿಬಗ್ ಬಂದ್ ಮಾಡಿದ್ಳು. ಊರೂರಿನ ಫೋನು ಹತ್ತಿದ್ವು. ಮಾಳಗಿ ಮ್ಯಾಲ ನಿಂತ ಮಂದಿನ್ನೆಲ್ಲಾ ಮಾನಪ್ಪ ದಂಡಿಗೆ ತಂದ. ಹೊಳಿ ಇಳದ ಮ್ಯಾಲ ನೋಡಿದ್ರ ಗಡ್ಡಿ ಮ್ಯಾಲ ಒಂದು ಗ್ವಾಡಿನೂ ಉಳದಿರ್ಲಿಲ್ಲ. ಕಾಶವ್ವ ಸಿಗಲಿಲ್ಲ. ತೇಲಿ ಹೋಗಿ ಯಾವುದೋ ಊರ ಸೇರ್ಯಾಳ ಅಂತಾರ ಕೆಲವರು. ಗುರುಬಾಯಿ ಅದನ್ನ ನಂಬಿದ್ಳಂತ. ಸಾಯೂತನಾ ನಂಬಿದ್ಳು, ಪಾಪ.

ಈಗ ಆ ಪೆಟ್ಟಿಗಿ ಹೋಗಿ ಬ್ಯಾರೆ ಬಂದೈತಿ. ಗಡ್ಡ್ಯಾಗ ಮನಿ ಇಲ್ಲ, ಅಲ್ಲಿಗೆ ಕೇಬಲ್ಲೂ ಇಲ್ಲ. ಆದ್ರೂ ಆ ಕೋಣ್ಯಾಗ ಕೆಲಸಕ್ಕ ಯಾರ ಇರ್ಲಿ, ಸಂಜಿಕೆ ಮನಿಗೆ ಹೋಗೂಮುಂದ ಗಡ್ಡಿಗೆ ಒಂದು ಪಿಂಗ್ ಕಳಸ್ತಾರ. ಉತ್ತರ ಇಲ್ಲ ಅಂತ ತೆರಿ ಮ್ಯಾಲ ಬರೂತನಾ ಕಾಯ್ತಾರ. ಆಮ್ಯಾಲ, "ಇರ್ಲಿ ಕಾಶವ್ವ, ನಾಳಿ ಕೇಳ್ತೀವಿ" ಅಂತ ಹೇಳಿ ಎದ್ದು ಹೋಗ್ತಾರ.