ಗಾಳ ಎಳೆಯುವ ವೇಗ

ಗುರು ಅಂದ ಕೂಡಲೇ ಪೀಠ, ಪಾದುಕೆ ಅಂತ ಹುಡುಕಬೇಡಿ. ಹೊಳೆ ಸಮುದ್ರಕ್ಕೆ ಸೇರುವ ಅಳಿವೆಯ ದಡದಲ್ಲಿ ಒಂದು ಗುಡಿಸಲು, ಅದರೊಳಗೆ ಒಬ್ಬ ಮುದುಕರು. ಆಶ್ರಮ ಅಂದರೆ ಅಷ್ಟೇ. ಊರಿನವರು ಅವರನ್ನು ಅಜ್ಜ ಅನ್ನುತ್ತಿದ್ದರು.

ಶಿಷ್ಯ ಜಟ್ಟಪ್ಪ ಮೀನುಗಾರ. ಇಂಜಿನ್ ಕೂರಿಸಿದ ಸ್ವಂತ ದೋಣಿ ಇತ್ತು. ಕೂತಲ್ಲಿ ಕೂರದ ಜೀವ. ಧ್ಯಾನಕ್ಕೆ ಕೂತರೂ ಕಾಲು ಕುಣಿಸುತ್ತಿದ್ದ.

ಅವನ ಹೆಂಡತಿ ಮಾದೇವಿಗೆ ಹೊಟ್ಟೆಯಲ್ಲಿ ಗಡ್ಡೆ. ಮನೆಗೆ ಕರೆದುಕೊಂಡು ಹೋಗಿ, ಬಾಯಿಗೆ ರುಚಿಸಿದ್ದು ಕೊಡಿ ಅಂದುಬಿಟ್ಟಿದ್ದರು ಡಾಕ್ಟರು. ಹಾಗಂದರೆ ಏನೆಂದು ಯಾರಿಗೆ ತಿಳಿಯುವುದಿಲ್ಲ ಹೇಳಿ!

ಜಟ್ಟಪ್ಪನಿಗೆ ತಿಳಿಯಲಿಲ್ಲ. ಅಥವಾ ತಿಳಿದೇ ಓಡತೊಡಗಿದ. ನಾಟಿ ಮದ್ದಿಗೆಂದು ಘಟ್ಟ ಹತ್ತಿದ, ಹರಕೆಗೆಂದು ಊರೂರು ಸುತ್ತಿದ, ತಾಯಿತ ತಂದ. ಬೆಳಿಗ್ಗೆ ಹೋದವ ಕತ್ತಲಾದ ಮೇಲೆ ಮನೆ ಸೇರುತ್ತಿದ್ದ.

ಒಂದು ದಿನ ಗುಡಿಸಲಿಗೂ ಓಡಿಬಂದ.

“ಅಜ್ಜಾ, ಒಂದು ಮಂತ್ರ ಕೊಡಿ. ಮಾದೇವಿ ಎದ್ದು ಓಡಾಡ್ಬೇಕು.”

“ಅವಳು ಏನು ಕೇಳ್ತಾಳೆ?”

“ಅವಳದ್ದೇನು, ಹುಚ್ಚು! ‘ಮದುವೆಯಾದಾಗಿನಿಂದ ಮೀನು ಬುಟ್ಟಿ ಹೊತ್ತು ಮಾರಿದ್ದೇನೆ, ಅಂಜಲು ಮೀನು ಗಾಳಕ್ಕೆ ಬೀಳೂದನ್ನ ಒಂದು ಸಲ ಕಣ್ಣಾರೆ ನೋಡ್ಬೇಕು, ದೋಣೀಲಿ ಕರ್ಕೊಂಡು ಹೋಗಿ’ ಅಂತಾಳೆ. ನಮ್ಮಲ್ಲಿ ಹೆಂಗಸರು ಮೀನಿಗೆ ಹೋಗೂದುಂಟಾ ಅಜ್ಜಾ? ಅದೂ ಈ ಸ್ಥಿತಿಯಲ್ಲಿ!”

“ನಾಳೆ ಕರ್ಕೊಂಡು ಬಾ. ನಾನೂ ಬರ್ತೇನೆ.”

“ನಾಳೆ ಆಗೂದಿಲ್ಲ. ಘಟ್ಟದ ಮೇಲಿನ ಪಂಡಿತರು ನಾಳೆ ಸಿಕ್ತಾರಂತೆ.”

“ಪಂಡಿತರು ನಾಡಿದ್ದೂ ಇರ್ತಾರೆ,” ಅಂದರು ಅಜ್ಜ.



ಮರುದಿನ ಬೆಳಿಗ್ಗೆ ಗಾಳಿ ಇರಲಿಲ್ಲ. ಮಾದೇವಿಯನ್ನು ಎತ್ತಿ ದೋಣಿಗೆ ಇಳಿಸುವಾಗ ಜಟ್ಟಪ್ಪ ಬೆಚ್ಚಿಬಿದ್ದ. ತುಂಬಿದ ಬುಟ್ಟಿ ಹೊತ್ತು ಕೇರಿ ಕೇರಿ ಸುತ್ತಿದವಳು ಈಗ ಖಾಲಿ ಬುಟ್ಟಿಯಷ್ಟು ಹಗುರವಾಗಿದ್ದಳು.

ಅವಳು ಹಲಗೆಗೆ ಒರಗಿ ಕೂತಳು.

“ಹೋಯ್, ನಿಮ್ಮ ಹತ್ರ ಒಂದು ಮಾತು ಹೇಳ್ಬೇಕಿತ್ತು.”

ಜಟ್ಟಪ್ಪ ಇಂಜಿನ್ ಶುರು ಮಾಡಿದ. ಮಾತು ಆ ಸದ್ದಿನಲ್ಲೇ ಹೋಯಿತು.

ಅಳಿವೆ ದಾಟಿದ ಮೇಲೆ ಒಂದು ಬದಿಯಿಂದ ಗಾಳ ಬಿಟ್ಟ. ದೋಣಿಯ ಹಿಂದೆ ಗಾಳ ಎಳೆಯುವಾಗ ಅದಕ್ಕೆ ಚುಚ್ಚಿದ ಮರಿಮೀನು ನೀರೊಳಗೆ ಈಜಿದ ಹಾಗೆ ಬರಬೇಕು. ಆಗ ಅಂಜಲು ನಂಬಿ ಬಾಯಿ ಹಾಕುತ್ತದೆ. ದೋಣಿ ಜೋರು ಹೋದರೆ ಗಾಳ ನೀರಿನ ಮೇಲೆ ಕುಪ್ಪಳಿಸುತ್ತದೆ. ಅದಕ್ಕೆ ಯಾವ ಮೀನೂ ಮೋಸ ಹೋಗುವುದಿಲ್ಲ. ಜಟ್ಟಪ್ಪನಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಆದರೂ ಅವತ್ತು ಗಾಳ ಕುಪ್ಪಳಿಸುತ್ತಲೇ ಇತ್ತು.

“ನಿಧಾನ,” ಅಂದರು ಅಜ್ಜ.

“ಇಂಜಿನ್ ದೊಡ್ಡದು ಅಜ್ಜಾ. ಎಷ್ಟು ಇಳಿಸಿದ್ರೂ ಜೋರೇ.”

ಅರ್ಧ ನಿಜ. ಇಂಜಿನ್ ಪೂರ್ತಿ ಇಳಿಸಿಯೂ ದೋಣಿ ಜೋರಾದರೆ ಮೀನುಗಾರರು ಹಗ್ಗ ಕಟ್ಟಿದ ಬಕೆಟ್ಟನ್ನು ನೀರಿಗೆ ಬಿಡುತ್ತಾರೆ. ಬಕೆಟ್ಟು ನೀರು ತುಂಬಿಕೊಂಡು ದೋಣಿಯನ್ನು ಹಿಂದಕ್ಕೆ ಜಗ್ಗುತ್ತದೆ. ಅಜ್ಜ ಬಕೆಟ್ಟು ಬಿಟ್ಟರು. ಜಟ್ಟಪ್ಪ ಮನಸ್ಸಿಲ್ಲದ ಮನಸ್ಸಿನಿಂದ ಇಂಜಿನ್ ಇಳಿಸಿದ.

ದೋಣಿ ನಿಧಾನವಾಯಿತು. ಸದ್ದೂ ತಗ್ಗಿತು.

“ಹೋಯ್,” ಅಂದಳು ಮಾದೇವಿ, “ಈಗಾದ್ರೂ ಕೇಳ್ತೀರಾ? ನಾನು ಹೋದ ಮೇಲೆ...”

ಜಟ್ಟಪ್ಪ ಇಂಜಿನ್ ಏರಿಸಿಬಿಟ್ಟ. ದೋಣಿ ಮುಂದಕ್ಕೆ ಹಾರಿತು. ಬಕೆಟ್ಟಿನ ಹಿಡಿಕೆ ಕಿತ್ತು, ಬಕೆಟ್ಟು ನೀರುಪಾಲಾಯಿತು. ಹಗ್ಗ ಮಾತ್ರ ಉಳಿಯಿತು.

“ಅಯ್ಯಯ್ಯೋ, ಹೊಸ ಬಕೆಟ್ಟು!” ಅಂತ ಕೂಗಿದಳು ಮಾದೇವಿ.

“ನೋಡಿದ್ರಾ ಅಜ್ಜಾ? ಈ ಇಂಜಿನ್ ಹೇಳಿದ ಮಾತು ಕೇಳೂದಿಲ್ಲ,” ಅಂದ ಜಟ್ಟಪ್ಪ.

“ಇಂಜಿನ್ನಾ, ನೀನಾ?”



ಅಜ್ಜ ಹೊದ್ದಿದ್ದ ಶಾಲು ತೆಗೆದು ಮಾದೇವಿಯ ಕಾಲಿನ ಮೇಲೆ ಹೊದಿಸಿದರು. ಹಗ್ಗದ ತುದಿಯನ್ನು ಕೈಗೆ ಸುತ್ತಿಕೊಂಡರು. ಗಾಳವಿಲ್ಲದ ಬದಿಯಿಂದ ನೀರಿಗೆ ಇಳಿದೇಬಿಟ್ಟರು!

ಜಟ್ಟಪ್ಪ ತಟ್ಟನೆ ಇಂಜಿನ್ ತಗ್ಗಿಸಿದ.

“ಅಜ್ಜಾ! ಈ ವಯಸ್ಸಿನಲ್ಲಿ ಇದೆಂಥದ್ದು? ಹತ್ತಿ ಬನ್ನಿ!”

“ಹತ್ತೂದಿಲ್ಲ. ನನ್ನ ಕೈ ಜಾರದ ಹಾಗೆ ಎಷ್ಟು ನಿಧಾನ ಹೋಗ್ಬೇಕೋ, ಅಷ್ಟು ನಿಧಾನ ಹೋಗು.”

“ಏನಾದ್ರೂ ಹೆಚ್ಚುಕಮ್ಮಿ ಆದ್ರೆ?”

“ನಾನು ಈ ನೀರಲ್ಲೇ ಈಜಿ ಬೆಳೆದವ. ನನ್ನ ಚಿಂತೆ ಬಿಡು. ಅವಳ ಮಾತು ಕೇಳು.”

ಹಗ್ಗ ಹಿಡಿದು ತೇಲಿಕೊಂಡು ಬರುತ್ತಿದ್ದ ಅಜ್ಜನನ್ನು ನೋಡಿ ಮಾದೇವಿಗೆ ನಗು ತಡೆಯಲಾಗಲಿಲ್ಲ. ಎಷ್ಟೋ ದಿನಗಳ ಮೇಲೆ ನಕ್ಕಳು. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಶಾಲು ಎಳೆದುಕೊಂಡಳು.

“ಹೇಳು,” ಅಂದ ಜಟ್ಟಪ್ಪ, ಅವಳ ಕಡೆ ತಿರುಗದೆ.

“ನನಗೆ ಹೆದರಿಕೆ ಆಗ್ತದೆ.”

“ಏನೂ ಆಗೂದಿಲ್ಲ ಮಾದೇವಿ. ಆ ಪಂಡಿತರು...”

“ಇದೇ! ಎಲ್ಲರೂ ಇದನ್ನೇ ಹೇಳ್ತೀರಿ. ಏನೂ ಆಗೂದಿಲ್ಲ, ಏನೂ ಆಗೂದಿಲ್ಲ! ಸಾಯೂದು ನಾನು. ಹೆದರಿಕೆ ಆಗ್ತದೆ ಅಂತ ಹೇಳ್ಲಿಕ್ಕೂ ನನಗೆ ಒಬ್ರಿಲ್ಲ. ನಿಮ್ಮ ಹತ್ರ ಹೇಳುವಾ ಅಂದ್ರೆ ನೀವು ಮನೇಲೇ ಇರೂದಿಲ್ಲ. ಇಡೀ ದಿನ ಗೋಡೆ ನೋಡ್ತಾ ಬಿದ್ದಿರ್ತೇನೆ. ಬಾಗಿಲು ಸದ್ದಾದ್ರೆ ನೀವು ಬಂದ್ರಿ ಅಂತ ತಿರುಗ್ತೇನೆ. ನೋಡಿದ್ರೆ ಬೆಕ್ಕು.”

ಜಟ್ಟಪ್ಪ ತಿರುಗಿದ. ಅವನ ಒಂದು ಕೈ ಇಂಜಿನ್ನಿನ ಮೇಲಿತ್ತು. ಇನ್ನೊಂದನ್ನು ಅವಳತ್ತ ಚಾಚಿದ, ಎಟುಕಲಿಲ್ಲ. ಅವಳೇ ತೆವಳಿಕೊಂಡು ಹತ್ತಿರ ಬಂದಳು.

“ನನಗೂ ಹೆದರಿಕೆ ಮಾದೇವಿ,” ಅಂದ. “ನಿನ್ನ ಪಕ್ಕ ಕೂತ್ರೆ ಅಳು ಬರ್ತದೆ. ಅದಕ್ಕೇ ಓಡಿದೆ.”

“ಅತ್ರೆ ಏನಾಗ್ತಿತ್ತು?”

ಜಟ್ಟಪ್ಪ ಅತ್ತ. ಅವಳೂ ಅತ್ತಳು. ಅಜ್ಜ ನೀರಿನಲ್ಲಿ ಮುಖವನ್ನು ಆಚೆ ತಿರುಗಿಸಿಕೊಂಡಿದ್ದರು.

ಅಷ್ಟರಲ್ಲಿ ಗಾಳದ ದಾರ ಬಿಗಿಯಾಯಿತು.

“ಹೋಯ್, ಬಿತ್ತು! ಎಳೀರಿ!”

ಜಟ್ಟಪ್ಪ ಅವಳ ಕೈ ಬಿಡಲಿಲ್ಲ. “ಹೋಗ್ಲಿ ಬಿಡು.”

“ಹೋಗ್ಲಿ ಅಂದ್ರೆ? ನಾನು ಬಂದದ್ದೇ ಅದನ್ನ ನೋಡ್ಲಿಕ್ಕಲ್ವಾ ಮಾರಾಯ್ರೆ!”

ಇಂಜಿನ್ ನಿಲ್ಲಿಸಿ ಇಬ್ಬರೂ ಸೇರಿ ಎಳೆದರು. ಎಳೆದದ್ದೆಲ್ಲ ಅವನೇ, ಅವಳು ದಾರ ಮುಟ್ಟಿಕೊಂಡಿದ್ದಳು ಅಷ್ಟೇ. ಅಂಜಲು ದೋಣಿಯೊಳಗೆ ಬಿದ್ದು ಬಡಬಡ ಹೊಡೆದುಕೊಂಡಿತು. ಬೆನ್ನು ನೀಲಿ, ಹೊಟ್ಟೆ ಬೆಳ್ಳಿ.

ಮಾದೇವಿ ಬಿಟ್ಟ ಕಣ್ಣಿನಿಂದ ನೋಡಿದಳು.

“ಜೀವ ಇರುವಾಗ ಇಷ್ಟು ಚಂದ ಉಂಟಾ ಇದು? ನಾನು ಸತ್ತದ್ದನ್ನೇ ನೋಡಿದ್ದು ಇಷ್ಟು ವರ್ಷ.”

“ಮೀನು ಹತ್ತಿತಲ್ಲ,” ಅಂದರು ಅಜ್ಜ ನೀರಿನಿಂದ, “ಈಗ ನನ್ನನ್ನೂ ಎಳೀರಿ. ಚಳಿ ಆಗ್ತಾ ಉಂಟು.”

ಆಮೇಲೆ ಜಟ್ಟಪ್ಪ ಘಟ್ಟ ಹತ್ತಲಿಲ್ಲ. ಚಾಪೆಯ ಪಕ್ಕ ಕೂತ. ಅವಳು ಹೇಳಿದ್ದೆಲ್ಲ ಕೇಳಿದ. ತನ್ನ ಸೀರೆಗಳನ್ನು ಯಾರಿಗೆ ಕೊಡಬೇಕು, ಸಾರಿಗೆ ಹುಳಿ ಎಷ್ಟು ಹಾಕಬೇಕು, ಅವನ ಮೇಲೆ ಯಾವತ್ತು ಸಿಟ್ಟು ಬಂದಿತ್ತು, ಎಲ್ಲ ಹೇಳಿದಳು. ಹೆದರಿಕೆ ಆದಾಗ ಹೆದರಿಕೆ ಅಂದಳು.

ಮಳೆಗಾಲ ಶುರುವಾಗುವ ಮೊದಲೇ ತೀರಿಕೊಂಡಳು. ಆಗ ಜಟ್ಟಪ್ಪ ಪಕ್ಕದಲ್ಲಿದ್ದ.

ಕ್ರಿಯೆಗಳೆಲ್ಲ ಮುಗಿದ ಮೇಲೆ ಒಂದು ದಿನ ಹೆಗಲಿಗೆ ಚೀಲ ಹಾಕಿಕೊಂಡು ಗುಡಿಸಲಿಗೆ ಬಂದ. ಒಳಗೆ ಬಾರದೆ ಬಾಗಿಲಲ್ಲೇ ನಿಂತ.

“ಅಜ್ಜಾ, ಯಾತ್ರೆಗೆ ಹೊರಟೆ. ಮನೇಲಿ ಇರ್ಲಿಕ್ಕೆ ಆಗೂದಿಲ್ಲ. ಎಲ್ಲಿ ನೋಡಿದ್ರೂ ಅವಳೇ. ಈ ದುಃಖ ಬೇಗ ಕಳೀಲಿ ಅಂತ ಆಶೀರ್ವಾದ ಮಾಡಿ.”

ಅಜ್ಜ ಎದ್ದು ಬಂದು ಅವನ ಹೆಗಲಿನ ಚೀಲ ಇಳಿಸಿ ಕೆಳಗಿಟ್ಟರು.

“ಬಸ್ಸಿಗೆ ಹೊತ್ತಾಯ್ತು ಅಜ್ಜಾ.”

“ಬಸ್ಸು ಹೋಗ್ಲಿ ಮಾರಾಯ. ಕೂತ್ಕೋ. ಮಾದೇವಿ ಹೇಗಿದ್ಲು, ಮೊದಲಿಂದ ಹೇಳು.”